ಎಡಗಡೆಯ ನಟ್ಟುಗಳು

ಊರಿನ ಮೂರು ಲಾಡ್ಜುಗಳಲ್ಲೂ ಒಂದು ನರ್ಸಿಂಗ್ ಹೋಮಿನಲ್ಲೂ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಚಾದರದಕ್ಕ ಎಂದೇ. ವಾರಕ್ಕೆ ಆರು ದಿನ ಬೆಳಿಗ್ಗೆ ಅವರ ಹಿಂಬಾಗಿಲಿಗೆ ಹೋಗಿ ಮಾಸಿದ ಚಾದರ, ದಿಂಬಿನ ಕವರು, ಟವೆಲುಗಳ ಗಂಟು ತರುವುದು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಮರುದಿನ ತಲುಪಿಸುವುದು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಗಂಟು ಸಾಗಿಸಲು ಮನೆಯಲ್ಲೊಂದು ಹಳೆಯ ಜೀಪ್ ಪಿಕಪ್ ಇತ್ತು. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಕಬ್ಬಿಣದ ತೊಟ್ಟಿ, ಅದರ ಮೇಲೊಂದು ಟಾರ್ಪಾಲು. ಅದರ ಮೂಲ ಬಣ್ಣ ಹಸಿರೋ ಬೂದಿಯೋ ಎಂದು ಯಾರೂ ಧೈರ್ಯವಾಗಿ ಹೇಳುವ ಹಾಗಿರಲಿಲ್ಲ.

ಗಾಡಿ ಓಡಿಸುವುದು, ರಿಪೇರಿ ಮಾಡುವುದು ಎರಡೂ ಗಂಡನ ಪಾಲಿನ ಕೆಲಸವಾಗಿತ್ತು. ಆತ ಗ್ಯಾರೇಜಿನಲ್ಲಿ ಕಲಿತವನಲ್ಲ. ಕೆಟ್ಟಾಗ ಬಿಚ್ಚಿ, ಬಿಚ್ಚಿದ್ದನ್ನು ಮತ್ತೆ ಜೋಡಿಸಲಾಗದೆ ಒದ್ದಾಡಿ, ಹಾಗೇ ಕಲಿತವನು. ಇನ್ನೊಬ್ಬರ ಕೈ ಗಾಡಿಗೆ ತಾಗಲು ಬಿಡುತ್ತಿರಲಿಲ್ಲ. ಭಾನುವಾರ ಊಟವಾದ ಮೇಲೆ ಗಾಡಿಯ ಅಡಿಯಿಂದ ಅವನ ಎರಡು ಕಾಲು ಮಾತ್ರ ಕಾಣುತ್ತಿದ್ದವು. "ನಮ್ಮೆಜಮಾನರ ಮುಖಕ್ಕಿಂತ ಪಾದದ ಗುರುತೇ ನನಗೆ ಚೆನ್ನಾಗಿರೋದು" ಎಂದು ಅಕ್ಕ ಲಾಡ್ಜಿನ ಕೆಲಸದವರ ಹತ್ತಿರ ತಮಾಷೆ ಮಾಡುತ್ತಿದ್ದಳು.

ಹಾಗಿದ್ದವನು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಬಚ್ಚಲಲ್ಲೇ ಕುಸಿದ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಮೂರು ತಿಂಗಳ ಮೇಲೆ ಕಾಲು ಕೋಲು ಹಿಡಿದು ನಡೆಯುವಷ್ಟು ಸುಧಾರಿಸಿತು, ಕೈ ಸುಧಾರಿಸಲಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಮಾತು. ಬುದ್ಧಿ ನೆಟ್ಟಗಿದೆ, ಹೇಳಬೇಕಾದ್ದು ತಲೆಯಲ್ಲಿದೆ, ಬಾಯಿಗೆ ಮಾತ್ರ ಬೇರೆ ಪದ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ನೀರು ಬೇಕಾದರೆ "ಚಪ್ಪಲಿ" ಎನ್ನುತ್ತಿದ್ದ. ಕಿಟಕಿ ಮುಚ್ಚು ಎನ್ನಲು ಹೋಗಿ "ಅಜ್ಜಿ, ಅಜ್ಜಿ" ಎನ್ನುತ್ತಿದ್ದ. ಅಂದ ಮೇಲೆ ತಪ್ಪೆಂದು ಅವನಿಗೇ ತಿಳಿದು ಮುಖ ಸಣ್ಣದಾಗುತ್ತಿತ್ತು.

ಮೊದಮೊದಲು ಅಕ್ಕ ನಿಂತು ಕೇಳುತ್ತಿದ್ದಳು. ಆಮೇಲೆ ಕೆಲಸದ ನಡುವೆ ಅಷ್ಟು ಹೊತ್ತು ನಿಲ್ಲಲು ಆಗಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ನೀರು, ಟವೆಲು, ಮಾತ್ರೆ ಮೂರನ್ನೂ ಮುಂದಿಟ್ಟು ಹೋಗುತ್ತಿದ್ದಳು. ಬೇಕಾದ್ದು ಅದರಲ್ಲಿ ಯಾವುದೋ ಒಂದು ಇರುತ್ತಿತ್ತು. ಹಾಗೆ ಮನೆಯಲ್ಲಿ ಮಾತು ಕಡಿಮೆಯಾಗುತ್ತಾ ಬಂತು. ಲೈಸೆನ್ಸು ಮೊದಲೇ ಇತ್ತು, ಗಾಡಿಯನ್ನು ಈಗ ಅವಳೇ ಓಡಿಸತೊಡಗಿದಳು. ಅಲ್ಲಿಗೆ ಎಂಟು ತಿಂಗಳು ಕಳೆಯಿತು.

ಒಂದು ಶನಿವಾರ ನರ್ಸಿಂಗ್ ಹೋಮಿನ ಇಳಿಜಾರಿನಲ್ಲಿ ಬ್ರೇಕು ತುಳಿದರೆ ಪೆಡಲು ಸೀದಾ ನೆಲಕ್ಕೆ ಹೋಗಿ ಕೂತಿತು. ಮತ್ತೆ ಮತ್ತೆ ತುಳಿದಾಗ ಗಾಡಿ ನಿಂತಿತಾದರೂ ಅಷ್ಟರಲ್ಲಿ ಬಂಪರು ಕಾಂಪೌಂಡಿಗೆ ತಾಗಿತ್ತು.

"ಏನಕ್ಕಾ, ಗೋಡೆ ಕಣ್ಣಿಗೆ ಬೀಳಲಿಲ್ವಾ?" ಎಂದ ವಾಚ್‌ಮನ್.

"ಗೋಡೆ ಕಣ್ಣಿಗೆ ಬಿತ್ತಪ್ಪ. ಬ್ರೇಕ್ ಬೀಳಲಿಲ್ಲ."

ಮೊದಲ ಗೇರಿನಲ್ಲಿ, ನಡೆದುಹೋಗುವವರ ಹಿಂದೆಯೇ ಉರುಳಿಸಿಕೊಂಡು ಮನೆ ತಲುಪಿದಳು. ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ ಬಂದು ಬಗ್ಗಿ ನೋಡಿದ. "ಹಿಂದಿನ ಎಡಗಡೆ ಚಕ್ರದೊಳಗೆ ಬ್ರೇಕ್ ಆಯಿಲ್ ಸೋರ್ತಿದೆ ಅಕ್ಕಾ. ವೀಲ್ ಸಿಲಿಂಡರಿನ ರಬ್ಬರ್ ಹೋಗಿದೆ. ಬೇರೆ ರಬ್ಬರ್ ಕೊಡ್ತೀನಿ, ಆದ್ರೆ ಬುಧವಾರದ ತನಕ ನನಗೆ ಬಿಡುವಿಲ್ಲ."

"ಸೋಮವಾರ ಬೆಳಿಗ್ಗೆ ಚಾದರ ತಲುಪಿಸ್ಬೇಕಲ್ಲಪ್ಪ."

"ಅಣ್ಣ ಇದ್ದಿದ್ರೆ ಅರ್ಧ ದಿನದ ಕೆಲಸ" ಎಂದವನು, ಆ ಅಣ್ಣ ಅಲ್ಲೇ ಜಗಲಿಯ ಮೇಲೆ ಕುರ್ಚಿಯಲ್ಲಿ ಕೂತಿದ್ದನ್ನು ನೋಡಿ ಮಾತು ನುಂಗಿಕೊಂಡು ಹೊರಟ.

ಸಂಜೆ ಮೈದುನ ಫೋನ್ ಮಾಡಿದ. "ಅತ್ತಿಗೆ, ಆ ಗಾಡಿ ಮಾರಿಬಿಡಿ. ಅಣ್ಣ ಇದ್ದಾಗ ಸರಿ, ಈಗ ಅದನ್ನ ಯಾರು ನೋಡ್ಕೋತಾರೆ?"

"ಮಾರಿ, ಗಂಟನ್ನ ತಲೆ ಮೇಲೆ ಹೊರ್ಲಾ?"

"ಕೋಪ ಮಾಡ್ಕೋಬೇಡಿ."

"ಕೋಪ ಅಲ್ಲಪ್ಪ, ಸುಸ್ತು."

ಭಾನುವಾರ ಊಟ ಮುಗಿಸಿ, ಹಳೆಯ ಅಂಗಿಯೊಂದನ್ನು ಸೀರೆಯ ಮೇಲೆ ತೊಟ್ಟು ಅಕ್ಕ ತಾನೇ ಕೆಲಸಕ್ಕೆ ಇಳಿದಳು. ಇಷ್ಟು ವರ್ಷ ಗಂಡನಿಗೆ ಪಾನಾ, ಸುತ್ತಿಗೆ ಎತ್ತಿಕೊಟ್ಟವಳಿಗೆ ನೋಡಿ ನೋಡಿ ಒಂದಿಷ್ಟು ಗೊತ್ತಿತ್ತು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟಳು. ಜಾಕ್ ಏರಿಸುವ ಮೊದಲು ನಟ್ಟು ಸಡಿಲ ಮಾಡಬೇಕೆಂದು ವೀಲ್ ಪಾನಾ ಸಿಕ್ಕಿಸಿ ಎಡಕ್ಕೆ ಒತ್ತಿದಳು. ನಟ್ಟು ಅಲುಗಲಿಲ್ಲ. ಕಾಲಿಟ್ಟು ತುಳಿದಳು. ಅಲುಗಲಿಲ್ಲ.

ಜಗಲಿಯಿಂದ ಗಂಡ ಹೇಳಿದ: "ಮಂಗಳವಾರ."

"ಸುಮ್ನಿರಿ ಸ್ವಲ್ಪ."

"ಮಂಗಳವಾರ, ಮಂಗಳವಾರ." ಎಡಗೈಯನ್ನು ಗಾಳಿಯಲ್ಲಿ ಬಲಕ್ಕೆ ತಿರುಗಿಸಿ ತೋರಿಸಿದ.

"ಇವತ್ತು ಭಾನುವಾರ ರೀ. ನಟ್ಟು ಬಿಚ್ಚೋದು ಎಡಕ್ಕೇ. ಅಷ್ಟೂ ಗೊತ್ತಿಲ್ವಾ ನನಗೆ?"

ಅವನು ಕುರ್ಚಿಯ ಕೈ ಗುದ್ದಿದ. ಅವಳು ತಿರುಗಿ ನೋಡಲಿಲ್ಲ. ಲಕ್ವ ಹೊಡೆದ ಮೇಲೆ ಅವನಿಗೆ ಎಡಬಲ ಅದಲು ಬದಲಾಗುವುದನ್ನು ಅವಳು ದಿನಾ ನೋಡುತ್ತಿದ್ದಳು. ಅಂಗಿಯ ತೋಳು ಹಾಕಿಕೊಳ್ಳುವಾಗಲೂ ಅದೇ ಪಾಡು. ಪಾನಾದ ತುದಿಗೆ ನೀರಿನ ಪೈಪಿನ ತುಂಡು ಸಿಕ್ಕಿಸಿ ಮೈಭಾರವೆಲ್ಲ ಹಾಕಿದಳು. ಪಾನಾ ಜಾರಿತು. ಬೆರಳ ಗೆಣ್ಣುಗಳು ಮಡ್‌ಗಾರ್ಡಿಗೆ ಉಜ್ಜಿ ಚರ್ಮ ಕಿತ್ತುಬಂತು.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಅಳು ಬರಲಿಲ್ಲ. ಎದ್ದೇಳಬೇಕೆಂದೂ ಅನಿಸಲಿಲ್ಲ. ಟೈರಿಗೆ ಒರಗಿ, ಬೆರಳನ್ನು ಅಂಗಿಯ ಅಂಚಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು.

ಜಗಲಿಯಿಂದ ಗಾಡಿಗೆ ಹತ್ತೇ ಹೆಜ್ಜೆ. ಕೋಲೂರಿಕೊಂಡು ಆ ಹತ್ತು ಹೆಜ್ಜೆ ಬರಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಕೋಲಿನ ತುದಿಯನ್ನು ನಟ್ಟಿನ ನಡುವಿನ ಬೋಲ್ಟಿನ ಮೇಲಿಟ್ಟು ನಿಂತ. ತೆಗೆಯಲಿಲ್ಲ. ಅವಳು ಕಣ್ಣು ಬಿಟ್ಟು, ಬಟ್ಟೆಯಲ್ಲಿ ಅಲ್ಲಿಯ ಮಣ್ಣು ಒರೆಸಿದಳು. ಬೋಲ್ಟಿನ ತಲೆಯಲ್ಲಿ ಎಲ್ ಎಂಬ ಇಂಗ್ಲಿಷ್ ಅಕ್ಷರ ಅಚ್ಚೊತ್ತಿತ್ತು. ಪಕ್ಕದ್ದನ್ನೂ ಒರೆಸಿದಳು. ಅಲ್ಲೂ ಎಲ್.

"ಎಲ್ ಅಂದ್ರೆ ಲೆಫ್ಟಾ? ಎಡಗಡೆ ಚಕ್ರದ್ದೆಲ್ಲ ಉಲ್ಟಾನಾ?"

ಅವನು ತಲೆಯಾಡಿಸಿದ.

"ಬಲಕ್ಕೆ ತಿರುಗಿಸಿದ್ರೆ ಇನ್ನೂ ಬಿಗಿ ಆಗಲ್ವಾ?"

"ಇಲ್ಲ." ಆ ಒಂದು ಪದ ಮಾತ್ರ ಅವನಿಗೆ ಯಾವತ್ತೂ ಸರಿಯಾಗಿ ಬರುತ್ತಿತ್ತು.

ಬಲಕ್ಕೆ ಒತ್ತಿ ಒಂದು ಸಲ ತುಳಿದಳು. ಕಿರ್ ಎಂದು ನಟ್ಟು ಬಿಟ್ಟಿತು. ಓಡುವಾಗ ತಾನಾಗಿ ಸಡಿಲವಾಗದಿರಲಿ ಎಂದು ಆ ಕಾಲದ ಗಾಡಿಗಳಲ್ಲಿ ಎಡ ಚಕ್ರದ ನಟ್ಟುಗಳಿಗೆ ತಿರುವುಮುರುವಾದ ತಿರುಪು ಕೊಡುತ್ತಿದ್ದರು. ಅದು ಗೊತ್ತಿಲ್ಲದೆ ಅವಳು ಇಷ್ಟು ಹೊತ್ತು ಬಿಗಿ ಮಾಡುತ್ತಿದ್ದಳು. ಅವನು ಮೊದಲ ಮಾತಿನಲ್ಲೇ ಸರಿಯಾಗಿ ಹೇಳಿದ್ದ, ಪದವೊಂದು ತಪ್ಪಿತ್ತು, ಅಷ್ಟೆ. ಹೀಗೆ ಎಂಟು ತಿಂಗಳಲ್ಲಿ ತಾನು ಕೇಳಿಸಿಕೊಳ್ಳದೆ ಬಿಟ್ಟದ್ದು ಏನೇನಿತ್ತೋ. ಕುರ್ಚಿಯನ್ನು ಗಾಡಿಯ ಪಕ್ಕಕ್ಕೇ ತಂದು ಹಾಕಿ ಅವನನ್ನು ಕೂರಿಸಿದಳು.

"ಮುಂದಿಂದು ಹೇಳಿ. ಕೇಳ್ತೀನಿ."

ಜಾಕ್ ಏರಿಸಿ ಚಕ್ರ ಕಳಚಿದ ಮೇಲೆ, ತುಕ್ಕು ಹಿಡಿದ ಬ್ರೇಕ್ ಡ್ರಮ್ಮು ಹೊರಗೆ ಬರದಿದ್ದಾಗ "ಮದುವೆ" ಎಂದು ಅವನು ಕೋಲಿನಿಂದ ಗಾಳಿಯಲ್ಲಿ ಸುತ್ತಲೂ ಮೆಲ್ಲಗೆ ಕುಟ್ಟಿ ತೋರಿಸಿದ. ಅವಳು ಸುತ್ತಿಗೆಯಲ್ಲಿ ಹಾಗೇ ಕುಟ್ಟಿದಳು, ಬಂತು. ಒಳಗೆ ಸಿಲಿಂಡರಿನ ರಬ್ಬರು ಹಳೆಯ ಬಲೂನಿನ ಹಾಗೆ ಬಿರಿದಿತ್ತು, ಅದನ್ನು ಕಿತ್ತು ಮೆಕ್ಯಾನಿಕ್ ಕೊಟ್ಟುಹೋಗಿದ್ದ ಹೊಸದನ್ನು ಕೂರಿಸಿದಳು. ಎಣ್ಣೆ ಕುಡಿದ ಬ್ರೇಕ್ ಶೂಗಳೂ ಕೆಲಸಕ್ಕೆ ಬಾರದಾಗಿದ್ದವು. ಸೀಟಿನ ಅಡಿಯ ಡಬ್ಬದಲ್ಲಿ ಪೇಪರು ಸುತ್ತಿಟ್ಟ ಹೊಸ ಜೋಡಿ ಇದೆಯೆಂದು ಹೇಳಲು ಅವನು ಏಳೆಂಟು ಪದ ಬದಲಾಯಿಸಬೇಕಾಯಿತು. ಅವಳು ನಡುವೆ ಬಾಯಿ ಹಾಕದೆ ಕಾದಳು. ಅವನ್ನು ಹಾಕುವಾಗ ಸ್ಪ್ರಿಂಗೊಂದು ಕೈತಪ್ಪಿ ಹಾರಿ ಶೆಡ್ಡಿನ ತಗಡಿಗೆ ಠಣ್ಣೆಂದು ಬಡಿಯಿತು. ಅವನು ನಕ್ಕುಬಿಟ್ಟ. ಅವಳಿಗೆ ನಗು ಬರಲಿಲ್ಲ. ಸ್ಪ್ರಿಂಗು ಹುಡುಕಲು ಅರ್ಧ ಗಂಟೆ ಹೋಯಿತು.

ಕೊನೆಯದು, ಪೈಪಿನೊಳಗೆ ಸೇರಿದ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲು ತುಳಿದು ಹಿಡಿಯಬೇಕು, ಆಗ ಇನ್ನೊಬ್ಬರು ಚಕ್ರದ ಹಿಂದಿನ ಸಣ್ಣ ನಟ್ಟು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು. ಅವಳು ಅವನ ಕಂಕುಳಿಗೆ ಕೈಕೊಟ್ಟು ಎತ್ತಿ ಸ್ಟೀರಿಂಗಿನ ಮುಂದೆ ಕೂರಿಸಿದಳು. ಎಂಟು ತಿಂಗಳ ಮೇಲೆ ಅವನು ಆ ಸೀಟಿನಲ್ಲಿ ಕೂತಿದ್ದ.

"ಎಡಗಾಲಲ್ಲೇ ತುಳೀರಿ. ತುಳಿದ ಮೇಲೆ 'ಹಿಡಿದೆ' ಅನ್ನಿ. ನಾನು ಬಿಡಿ ಅನ್ನೋ ತನಕ ಬಿಡಬೇಡಿ."

ಅವಳು ಗೋಣಿಯ ಮೇಲೆ ಅಂಗಾತ ಮಲಗಿದಳು. ಮೇಲಿಂದ ದನಿ ಬಂತು: "ಗಡಿಯಾರ."

ನಟ್ಟು ಸಡಿಲಿಸಿದಳು. ನಟ್ಟಿಗೆ ಸಿಕ್ಕಿಸಿದ್ದ ಕೊಳವೆಯ ತುದಿಯ ಬಾಟಲಿಯಲ್ಲಿ ಗುಳ್ಳೆಗಳೆದ್ದವು. ಬಿಗಿದಳು. "ಬಿಡಿ."

"ಗಡಿಯಾರ."

"ಬಿಡಿ."

ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಇದೇನು ಆಟ ಎಂದು ಗೋಡೆಯ ಮೇಲಿಂದ ಇಣುಕಿ ಹೋದರು. ಹತ್ತು ಹನ್ನೆರಡು ಸಲವಾಗಿರಬೇಕು. ಒಮ್ಮೆ "ಗಡಿ" ಎಂದವನು ತಡೆದು ನಿಂತ. ಆಮೇಲೆ ನಿಧಾನವಾಗಿ ಹೇಳಿದ: "ಹಿಡಿದೆ."

 ಹೊಗಳಿದರೆ ಆ ಪದ ಎಲ್ಲಿ ಓಡಿಹೋದೀತೋ ಎಂದು ಅವಳು ನಟ್ಟು ತಿರುಗಿಸಿ, ಬಿಗಿದು, ಎಂದಿನಂತೆ "ಬಿಡಿ" ಎಂದಳು. ಮುಂದಿನ ಸಲ ಮತ್ತೆ ಗಡಿಯಾರವೇ ಬಂತು. ಅಷ್ಟರಲ್ಲಿ ಗುಳ್ಳೆಗಳು ನಿಂತಿದ್ದವು.

ಹೊತ್ತು ಮುಳುಗುವ ಮೊದಲು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನರ್ಸಿಂಗ್ ಹೋಮಿನ ಇಳಿಜಾರಿಗೇ ಹೋದಳು. ಮೂರು ಸಲ ಬ್ರೇಕು ಹಾಕಿದಳು, ಮೂರು ಸಲವೂ ಗಾಡಿ ಹೇಳಿದಲ್ಲಿ ನಿಂತಿತು. ಅವನು ತೃಪ್ತಿಯಾಗದವನ ಹಾಗೆ ಕಿವಿಗೊಟ್ಟು, ಬಲ ಚಕ್ರದ ಕಡೆ ಬೆರಳು ತೋರಿಸಿದ.

"ಅದು ಮುಂದಿನ ವಾರ ರೀ. ಇವತ್ತು ನನ್ನ ಕೈಲಾಗಲ್ಲ."

ಮನೆಗೆ ಬಂದರೆ ಇಸ್ತ್ರಿಯಾಗಬೇಕಾದ ಚಾದರದ ರಾಶಿ ಕಾಯುತ್ತಿತ್ತು. ಬಟ್ಟೆ ಸೋಪು, ಸೀಮೆಎಣ್ಣೆ ಎರಡರಲ್ಲಿ ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಚಾದರಕ್ಕೆ ಕಲೆಯಾಗದಿರಲೆಂದು ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡು ನಿಂತೇ ಇಸ್ತ್ರಿ ಹಾಕಿದಳು. ಹಿಂದೆ ಏನೋ ಸರಭರವೆಂದಾಗ ತಿರುಗಿ ನೋಡಿದಳು. ಅವನು ಮೇಜಿನ ಮುಂದೆ ಕೂತು ದಿಂಬಿನ ಕವರುಗಳನ್ನು ಗದ್ದದಡಿ ಸಿಕ್ಕಿಸಿಕೊಂಡು ಎಡಗೈಯಲ್ಲಿ ಮಡಿಸುತ್ತಿದ್ದ. ಯಾವುದರ ಅಂಚೂ ಇನ್ನೊಂದಕ್ಕೆ ಕೂಡಿರಲಿಲ್ಲ.

ಮೇಲಿನ ಎರಡನ್ನು ಬಿಚ್ಚಿ ಅವಳು ಮತ್ತೆ ಮಡಿಸಿದಳು. ಮೂರನೆಯದನ್ನು ಕೈಗೆತ್ತಿಕೊಂಡು ಒಂದು ಗಳಿಗೆ ನೋಡಿದಳು. ಆಮೇಲೆ ಎಲ್ಲವನ್ನೂ ಹಾಗೇ ಸೇರಿಸಿ ಗಂಟು ಕಟ್ಟಿದಳು.