ಅಕ್ಕನ ನಾಣ್ಯದ ಎರಡು ಚೂರು

ನಾಣ್ಯ ಪರೀಕ್ಷಿಸುವ ಅವನಿಗೆ ಬೀದಿಯವರು ಇಟ್ಟಿದ್ದ ಹೆಸರು ಭೂತಗನ್ನಡಿ. ಹಳೆಯ ಚಿನ್ನದ ನಾಣ್ಯ ಕೊಳ್ಳುವವರೂ ಮಾರುವವರೂ ಮೊದಲು ಅವನ ಕಿರುಕೋಣೆಯ ಮೆಟ್ಟಿಲು ಹತ್ತುತ್ತಿದ್ದರು. ಅಲ್ಲಿದ್ದದ್ದು ಕಿಟಕಿ ಪಕ್ಕದ ಮೇಜು, ಪುಟ್ಟ ತಕ್ಕಡಿ, ಮೊಳೆಗೆ ನೇತುಹಾಕಿದ ಲೋಹದ ಕತ್ತರಿ. ನಕಲಿ ಎಂದು ಖಚಿತವಾದ ನಾಣ್ಯವನ್ನು ಒಡೆಯರನ್ನು ಕೇಳಿ, ಅವರೆದುರೇ ಎರಡು ಚೂರು ಮಾಡುವುದು ಅವನ ಪದ್ಧತಿ. ಒಂದು ಅವರಿಗೆ, ಇನ್ನೊಂದನ್ನು ಚಿನ್ನದ ಬೆಲೆ ಕೊಟ್ಟು ತಾನೇ ಇಟ್ಟುಕೊಳ್ಳುತ್ತಿದ್ದ, ಮಾದರಿಗೆಂದು.

"ಈಗಿನ ಕಳ್ಳರು ಚಿನ್ನದಲ್ಲಿ ಮೋಸ ಮಾಡಲ್ಲ ಸ್ವಾಮಿ, ವಯಸ್ಸಿನಲ್ಲಿ ಮಾಡ್ತಾರೆ," ಎನ್ನುತ್ತಿದ್ದ.

"ನಮ್ಮ ಮಾವನವರ ಥರ ಅನ್ನಿ," ಎಂದು ಗಿರಾಕಿಯೊಬ್ಬ ನಕ್ಕಿದ್ದುಂಟು.

ಮಾತು ನಿಜವೇ. ಹಿಂದೆ ನಕಲಿ ಎಂದರೆ ತಾಮ್ರಕ್ಕೆ ಚಿನ್ನದ ಲೇಪ; ಒರೆಗಲ್ಲಿಗೆ ಉಜ್ಜಿದರೆ ಬಣ್ಣ ಬಯಲು. ಹವ್ಯಾಸಿಗಳು ಹಳೆಯ ನಾಣ್ಯಕ್ಕೆ ಚಿನ್ನದ ಬೆಲೆಯ ಐದಾರು ಪಟ್ಟು ಸುರಿಯತೊಡಗಿದ ಮೇಲೆ ಅಪ್ಪಟ ಚಿನ್ನದಲ್ಲೇ, ಸರಿತೂಕದಲ್ಲೇ ನಕಲಿ ಹುಟ್ಟಿತು. ಒಂದು ಅಸಲಿಯಿಂದ ಅಚ್ಚು ತೆಗೆದು ನೂರು ಹೊಡೆಯುತ್ತಾರೆ. ಆ ತಾಯಿನಾಣ್ಯಕ್ಕೆ ಆದ ಗಾಯ ನೂರರಲ್ಲೂ ಮೂಡುತ್ತದೆ. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗುರುತು ಕಂಡರೆ ಎರಡೂ ನಕಲಿ. ಈ ಲೆಕ್ಕ ಅವನನ್ನು ಎಂದೂ ಕೈಬಿಟ್ಟಿರಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಅಕ್ಕ ತನ್ನ ಕುದುರೆ ನಾಣ್ಯ ತಂದಿದ್ದಳು. ಅಮ್ಮ ಸಾಯುವ ಮೊದಲು ಅವಳ ಕೈಗಿತ್ತದ್ದು. ಕುದುರೆಯ ಕುತ್ತಿಗೆಯಿಂದ ಎದ್ದ ಕೂದಲೆಳೆಯಂಥ ಉಬ್ಬುಗೆರೆ ಕಿವಿ ದಾಟಿತ್ತು. ಅದೇ ಗೆರೆ, ಕಿವಿಯವರೆಗೆ, ಹಿಂದಿನ ತಿಂಗಳು ಬಂದ ಇನ್ನೊಂದು ನಾಣ್ಯದಲ್ಲೂ ಇತ್ತು. ಉದ್ದದಲ್ಲಿ ಒಂದಿಷ್ಟು ವ್ಯತ್ಯಾಸ ಅವನ ಕಣ್ಣಿಗೆ ಬಿದ್ದಿತ್ತು, ಸವೆತವಿರಬೇಕೆಂದು ಬಿಟ್ಟುಬಿಟ್ಟ.

"ಇದು ನಕಲಿ ಅಕ್ಕ."

"ಅಮ್ಮ ಕೊಟ್ಟದ್ದು ಕಣೋ."

"ನಡುವೆ ಯಾರ ಕೈಗಾದರೂ ಹೋಗಿತ್ತಾ?"

ಅಕ್ಕನಿಗೆ ಗಂಡನ ನೆನಪಾಯಿತು. ಗಡಿಯಾರ ರಿಪೇರಿಯ ಭಾವ ಅದಕ್ಕೆ ಪದಕದ ಚೌಕಟ್ಟು ಮಾಡಿಸುತ್ತೇನೆಂದು ಒಯ್ದು ವಾರ ಇಟ್ಟುಕೊಂಡಿದ್ದ. "ಕತ್ತರಿಸು," ಎಂದಳು. ಅವನು ಕತ್ತರಿಸಿದ.

"ಒಯ್ದದ್ದನ್ನೇ ತಂದಿದ್ದೀನಿ ಕಣೆ," ಎಂದು ಭಾವ ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಗಂಡನಿಗೆ ಊಟ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಭಾವ ತೀರಿಕೊಂಡ.

ಕಳೆದ ತಿಂಗಳು ನಿವೃತ್ತ ಮೇಷ್ಟರೊಬ್ಬರು ಅದೇ ವರ್ಷದ ಮೂರು ಕುದುರೆ ನಾಣ್ಯಗಳನ್ನು ತಂದರು, ಟಂಕಸಾಲೆಯ ಮೊಹರು ಒಡೆಯದ ಪೊಟ್ಟಣದಲ್ಲಿ. ಪೊಟ್ಟಣ ಬಿಚ್ಚಿದಾಗ ಮೂರರಲ್ಲೂ ಅದೇ ಉಬ್ಬುಗೆರೆ. ಒಂದರಲ್ಲಿ ಕುತ್ತಿಗೆಯಲ್ಲೇ ನಿಂತಿತ್ತು, ಎರಡನೆಯದರಲ್ಲಿ ಕಿವಿ ಮುಟ್ಟಿತ್ತು, ಮೂರನೆಯದರಲ್ಲಿ ಅಂಚು ಸೇರಿತ್ತು.

"ಟಂಕಸಾಲೆಯ ಅಚ್ಚೇ ಬಿರುಕು ಬಿಟ್ಟಿದೆ," ಎಂದರು ಮೇಷ್ಟರು. "ಹೊಡೆದ ಹಾಗೆಲ್ಲ ಬಿರುಕು ಬೆಳೆದಿದೆ ನೋಡಿ. ನಕಲಿ ಆಗಿದ್ದರೆ ಗೆರೆ ಬೆಳೀತಿತ್ತಾ? ಯಾಕ್ರೀ, ಮೈಗೆ ಹುಷಾರಿಲ್ವಾ?"

ಅವನು ಡ್ರಾಯರಿನಿಂದ ಅಕ್ಕನ ನಾಣ್ಯದ ತನ್ನ ಚೂರು ತೆಗೆದು ನೋಡುತ್ತಿದ್ದ. ಕಿವಿ ದಾಟಿದ ಗೆರೆ ಅಂಚಿನತ್ತ ಹೊರಟಿತ್ತು.

ಮಾರನೆಯ ಬೆಳಿಗ್ಗೆಯೇ ಆ ಚೂರನ್ನು ಜೇಬಿಗಿಟ್ಟುಕೊಂಡು ಅಕ್ಕನ ಮನೆಗೆ ಹೋದ. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದ. ಅಕ್ಕ ಒಲೆ ಆರಿಸಿದಳು.

"ಅವರು ಒಂದ್ಸಲ, ಬೇರೆ ಯಾರಿಗಾದರೂ ತೋರಿಸೋಣ ಅಂದಿದ್ರು," ಎಂದಳು. "ನನ್ನ ತಮ್ಮನ ಕಣ್ಣಿಗಿಂತ ಬೇಕಾ ಅಂದೆ. ಆಮೇಲೆ ಅವರು ಕೇಳಲೇ ಇಲ್ಲ."

"ತಪ್ಪು ನಂದು ಅಕ್ಕ."

"ಕತ್ತರಿಸು ಅಂದೋಳು ನಾನು."

ಒಳಗೆ ಹೋಗಿ, ಗಂಡ ಬಳಸುತ್ತಿದ್ದ ಗಡಿಯಾರದ ಬಿಡಿಭಾಗಗಳ ಡಬ್ಬಿಯಿಂದ ತನ್ನ ಚೂರನ್ನು ತಂದಳು. ಇಬ್ಬರೂ ಎರಡನ್ನೂ ಮೇಜಿನ ಮೇಲೆ ಜೋಡಿಸಿದರು. ಕತ್ತರಿ ಕಚ್ಚಿದ ಕಡೆ ಚಿನ್ನ ಬಾಗಿದ್ದರಿಂದ ಗೆರೆಗೆ ಗೆರೆ ಕೂಡಲಿಲ್ಲ. ಅವನು ಉಗುರಿನಿಂದ ಒತ್ತಿ ನೋಡಿದ. ಆಗಲಿಲ್ಲ.

"ಬಿಡು," ಎಂದಳು ಅಕ್ಕ. ಅವನ ಚೂರನ್ನು ಅವನ ಕಡೆಗೇ ತಳ್ಳಿದಳು. "ನಿಂದು ನಿನ್ನ ಹತ್ರಾನೇ ಇರಲಿ. ನಂದು ನಾನು ಇಟ್ಕೋತೀನಿ."