ಮೇಷ್ಟ್ರ ಗಡಿಯಾರ

ಮೊನ್ನೆ ತೆಂಗಿನ ಸುಳಿಗೆ ಔಷಧಿ ಮಾಡಲೆಂದು ಮಾಯಸಂದ್ರದ ಗೊಬ್ಬರದಂಗಡಿಯಲ್ಲಿ ಮೈಲುತುತ್ತ ಕೊಂಡೆ. ಪೊಟ್ಟಣ ಒಡೆದು ಬೆರಳಿಗೆಲ್ಲ ನೀಲಿ ಹತ್ತಿತು. ಆ ನೀಲಿ ಕಂಡದ್ದೇ ನಮ್ಮ ಬಚ್ಚಲಮನೆಯ ಹಂಡೆ ಒಲೆ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ ಮೇಷ್ಟ್ರು ನೆನಪಾದರು...

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅವರು ನಮ್ಮೂರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ನಮ್ಮ ಹಿತ್ತಲ ಕೋಣೆಗಳಲ್ಲಿ ಬಾಡಿಗೆಗಿದ್ದರು. ಕರಟ, ಮಟ್ಟೆ ಉರಿಸುವ ನಮ್ಮ ಒಲೆಯ ಶಾಖ ಸುಮ್ಮನೆ ಹಾಳಾಗುತ್ತದೆಂಬುದೇ ಅವರ ಕೊರಗು. ಪ್ಲಾಸ್ಟಿಕ್ ಕೊಳವೆಗಳಿಗೆ ಮೈಲುತುತ್ತದ ನೀರು ತುಂಬಿ, ಎರಡೂ ತುದಿಗೆ ತಾಮ್ರದ ತಂತಿ ಇಳಿಸಿ, ಒಂದು ತುದಿಯನ್ನು ಒಲೆಯ ಮಗ್ಗುಲಿಗೆ, ಇನ್ನೊಂದನ್ನು ಒದ್ದೆ ನಾರಿಗೆ ಕೊಟ್ಟು ಸಾಲಾಗಿ ಜೋಡಿಸಿದರು. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಇದ್ದರೆ ಸಣ್ಣ ಕರೆಂಟು ಹುಟ್ಟುತ್ತದಂತೆ. ಅದರಿಂದ ಗೋಡೆ ಗಡಿಯಾರ ಓಡಿಸಬೇಕೆಂದಿದ್ದರು.

"ಸ್ನಾನಕ್ಕೆ ಬಿಸಿನೀರಾದ್ರೂ ಉಳೀತದಾ ಮೇಷ್ಟ್ರೇ, ಎಲ್ಲಾ ಕರೆಂಟಾಗೋಯ್ತದಾ?" ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು.

"ಗೋಡೆಗೆ ಹೋಗೋ ಶಾಖದಲ್ಲಿ ಒಂಚೂರು ತಗೋತೀನಿ ಕಣಮ್ಮ."

ಆದರೆ ಗಡಿಯಾರದ ಮುಳ್ಳು ನಿಂತಲ್ಲೇ ನಡುಗುತ್ತಿತ್ತು. ತಾಮ್ರದ ಬದಲು ಕಬ್ಬಿಣ ಹಾಕಿದರು. ಅದರ ಮೇಲೆ ತಾಮ್ರ ಹತ್ತಿ ಕೆಟ್ಟಿತು. ನೀರಿಗೆ ತಾಗುವ ಮೈ ಹೆಚ್ಚಲೆಂದು ತಾಮ್ರವನ್ನೇ ಸುರುಳಿ ಸುತ್ತಿ, ಉಜ್ಜಿ ಒರಟು ಮಾಡಿದರು. ನಡುಕ ಜೋರಾಯಿತು, ಮುಳ್ಳು ಮುಂದೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ತಣ್ಣನೆಯ ತುದಿಗೂ ಶಾಖ ಹರಿದು ಆ ನಡುಕವೂ ನಿಲ್ಲುತ್ತಿತ್ತು.

ನಿವೃತ್ತಿಗೆ ಮೊದಲು ಓಡಿಸಿ ತೋರಿಸುತ್ತೇನೆಂದು ಶಾಲೆಯ ಮಕ್ಕಳಿಗೆ ಮಾತು ಕೊಟ್ಟಿದ್ದರು. ಮಕ್ಕಳು ಬರುವ ಬೆಳಿಗ್ಗೆ ಮೇಷ್ಟ್ರ ಮುಖ ನೋಡಲಾಗಲಿಲ್ಲ. ಅವರು ನೀರು ಸೇದಲು ಹೋದಾಗ ನನ್ನ ರೇಡಿಯೋದ ಸೆಲ್ ತೆಗೆದು ಗಡಿಯಾರದ ಬೆನ್ನಿಗೆ ಸಿಕ್ಕಿಸಿ, ಮತ್ತೆ ಗೋಡೆಗೆ ತೂಗುಹಾಕಿಬಿಟ್ಟೆ. ಮುಳ್ಳು ಓಡಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಮೇಷ್ಟ್ರ ಕಣ್ಣು ತುಂಬಿಬಂತು...

ಸಂಜೆ ಒಲೆ ಆರಿ ತಣ್ಣಗಾದ ಮೇಲೂ ಗಡಿಯಾರ ಓಡುತ್ತಲೇ ಇತ್ತು. ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಮೇಷ್ಟ್ರು ಅದನ್ನು ಗೋಡೆಯಿಂದ ಇಳಿಸಿ ಬೆನ್ನು ತಿರುಗಿಸಿ ನೋಡಿದರು.

ಮಾರನೆಯ ಬೆಳಿಗ್ಗೆ ಮಕ್ಕಳನ್ನು ಮತ್ತೆ ಕರೆದರು. "ನಿನ್ನೆ ಓಡಿದ್ದು ಸುಳ್ಳು ಕಣ್ರಪ್ಪಾ. ಆಸೆಗೆ ನಾನೇ ಸೆಲ್ ಹಾಕ್ಬುಟ್ಟಿದ್ದೆ."

"ಮೇಷ್ಟ್ರೂ ಕಾಪಿ ಹೊಡೀತಾರೆ ಕಣ್ಲಾ!" ಎಂದೊಬ್ಬ ಕೂಗಿದ. ಎಲ್ಲರೂ ನಕ್ಕರು. ನಾನು ಬಾಗಿಲಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಮೇಷ್ಟ್ರೂ ನಕ್ಕು, ಸೆಲ್ ತೆಗೆದು, ಕೊಳವೆಗಳ ತಂತಿ ಕೊಟ್ಟು, ನಡುಗುವ ಮುಳ್ಳನ್ನು ತೋರಿಸಿದರು. "ಈ ಒಲೆ ಕೈಲಾಗೋದು ಇಷ್ಟು. ಹತ್ರ ಬಂದು ನೋಡಿ."

ಮಕ್ಕಳು ಹೋದ ಮೇಲೆ ಸೆಲ್ಲನ್ನು ನನ್ನ ಕೈಗಿಟ್ಟರು. "ರೇಡಿಯೋಗೆ ಹಾಕ್ಕೊಳಿ, ವಾರ್ತೆ ಟೈಮಾತು."

ನಿವೃತ್ತರಾಗಿ ಊರಿಗೆ ಹೋದ ಮೇಲೂ ಆಗಾಗ ಬರುತ್ತಿದ್ದರು. ನಮ್ಮ ಹಂಡೆ ನೀರಲ್ಲೇ ಮಿಂದು, ಉಂಡು, ಹರಟಿ ಹೋಗುತ್ತಿದ್ದರು. ತಪ್ಪಾಯಿತೆನ್ನಲು ಬೇಕಾದಷ್ಟು ಹೊತ್ತಿತ್ತು... ಅವರು ತೀರಿಕೊಂಡ ಸುದ್ದಿ ಬಂದ ದಿನವೂ ನಾನು ಒಲೆಯ ಮುಂದೆಯೇ ಕೂತಿದ್ದೆ.

ಅಂದು ಕಾಪಿ ಎಂದು ಕೂಗಿದ ಹುಡುಗನದೇ ಈ ಗೊಬ್ಬರದಂಗಡಿ. ಮೊನ್ನೆ, ಬೆರಳ ನೀಲಿ ಒರೆಸಿಕೊಳ್ಳುತ್ತ, ಅವನಿಗೆ ನಿಜ ಹೇಳಿಬಿಟ್ಟೆ.

ಅವನ ಕೈ ತಕ್ಕಡಿಯ ಮೇಲೇ ನಿಂತಿತು. "ಅಂಗಡಿಗೆ ಬಂದೋರಿಗೆಲ್ಲ ಆ ಕತೆ ಹೇಳಿ ನಗಿಸಿದೀನಲ್ಲಣ್ಣ."

"ಇನ್ಮೇಲೂ ಹೇಳಪ್ಪ. ನನ್ನ ಹೆಸರಾಕಿ ಹೇಳು," ಎಂದೆ.

ಮನಸ್ಸು ಹಗುರವಾಯಿತು. ಕೇಳಿ ನಗಲು ಮೇಷ್ಟ್ರೊಬ್ಬರಿಲ್ಲ, ಅಷ್ಟೇ.