ಅಪ್ಪನ ಅಂಗಾಲು

ಆ ವರ್ಷ ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತ, ಶುರುವಾಗುವ ಹೊತ್ತಿಗೆ ಅಪ್ಪ ಉಡುಪಿಯಿಂದ ಮಲೇಷ್ಯಾದ ಪುಚೊಂಗಿನ ನಮ್ಮ ಮನೆಗೆ ಬಂದಿದ್ದರು. ಶಾಲೆಯಲ್ಲಿ ಡ್ರಿಲ್ ಮಾಸ್ಟ್ರಾಗಿದ್ದವರು. ಶುಗರ್ ಇದ್ದರೂ ನಡೆಯುವುದನ್ನು ಬಿಟ್ಟವರಲ್ಲ. ನಾವು ಏಳುವಷ್ಟರಲ್ಲಿ ಕೆಳಗೆ ಇಳಿದು, ನಾವಿರುವ ಕಾಂಡೋ ಕಟ್ಟಡದ ಮುಂದಿನ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಬಂದಿರುತ್ತಿದ್ದರು. ಹಾಗೆ ನಡೆದರೆ ಕಣ್ಣಿಗೆ ಒಳ್ಳೆಯದೆಂದು ಅವರ ನಂಬಿಕೆ.

ಮಕ್ಕಳಿಗೆ ಲೆಂಟ್ ಅಂದರೇನೆಂದು ತಿಳಿಯಲಿ ಅಂತ ನಾನು ಒಂದಿಷ್ಟು ಏರ್ಪಾಡು ಮಾಡಿಕೊಂಡಿದ್ದೆ. ಊಟದ ಮೇಜಿಗೆ ನೇರಳೆ ಬಟ್ಟೆ, ಫ್ರಿಜ್ಜಿನ ಬಾಗಿಲಿಗೆ ಮಕ್ಕಳೇ ಕತ್ತರಿಸಿದ ಕಾಗದದ ಶಿಲುಬೆ. ಈಸ್ಟರ್‌ವರೆಗೆ ಒಬ್ಬೊಬ್ಬರು ಒಂದೊಂದು ಇಷ್ಟದ ವಸ್ತು ಬಿಡಬೇಕು. ನಾಲ್ಕನೇ ಕ್ಲಾಸಿನ ಮಗಳು ಟ್ಯಾಬ್ ಬಿಟ್ಟಳು. ಅವಳ ಪುಟ್ಟ ತಮ್ಮ ತುಂಬಾ ಯೋಚನೆ ಮಾಡಿ ಬೆಂಡೆಕಾಯಿ ಬಿಡುತ್ತೇನೆ ಅಂದ. ಅವನು ಅದನ್ನು ಯಾವತ್ತೂ ತಿಂದವನೇ ಅಲ್ಲ.

ಅಪ್ಪನಿಗೆ ಇದೆಲ್ಲ ಅಷ್ಟು ಹಿಡಿಸಿರಲಿಲ್ಲ. ಅವರ ಪ್ರಕಾರ ಲೆಂಟ್ ಅಂದರೆ ಸಂಜೆ ಎಲ್ಲರೂ ಕೂತು ಸತ್ಯವೇದ ಓದಿ, ಒಂದು ಕೀರ್ತನೆ ಹಾಡಿ, ಪ್ರಾರ್ಥನೆ ಮಾಡುವುದು. ಅವರು ಕನ್ನಡದಲ್ಲಿ ಓದುತ್ತಿದ್ದರು, ಕೇಳಿದ ಪ್ರಶ್ನೆಗೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಉತ್ತರ ಸರಿಯೋ ತಪ್ಪೋ ಅಂತ ಅಪ್ಪ ನನ್ನ ಮುಖ ನೋಡುತ್ತಿದ್ದರು.

ಶುಭ ಶುಕ್ರವಾರದ ಹಿಂದಿನ ಸಂಜೆ, ಮನೆಯವರೆಲ್ಲ ಒಬ್ಬರ ಕಾಲು ಒಬ್ಬರು ತೊಳೆಯಬೇಕೆಂದು ಸಂಡೇ ಸ್ಕೂಲಿನಲ್ಲಿ ಹೇಳಿಕಳಿಸಿದ್ದರು, ಯೇಸು ಸ್ವಾಮಿ ಶಿಷ್ಯರ ಕಾಲು ತೊಳೆದ ಹಾಗೆ. ನಾನು ಬಟ್ಟೆ ನೆನೆಸುವ ನೀಲಿ ಟಬ್ಬಿಗೆ ಉಗುರುಬೆಚ್ಚನೆ ನೀರು ಹಾಕಿ ಹಾಲ್‌ನ ನಡುವೆ ಇಟ್ಟೆ. ಮಗಳು ತಮ್ಮನ ಕಾಲು ತೊಳೆದಳು, ಅವನು ಕಚಗುಳಿಗೆ ನಕ್ಕು ಅರ್ಧ ನೀರು ಚೆಲ್ಲಿದ. ನನ್ನ ಗಂಡ ನನ್ನ ಕಾಲು ತೊಳೆದರು. ಅಪ್ಪನ ಎದುರು ನನಗೆ ಎಲ್ಲಿ ನೋಡಬೇಕೆಂದೇ ಗೊತ್ತಾಗಲಿಲ್ಲ.

ಮಗಳು ಟಬ್ಬನ್ನು ಅಜ್ಜನ ಮುಂದೆ ತಳ್ಳಿದಾಗ ಅವರು ಕಾಲುಗಳನ್ನು ಸೋಫಾದ ಕೆಳಗೆ ಎಳೆದುಕೊಂಡರು. ಊರಿನ ನಮ್ಮ ಚರ್ಚಿನ ಸಭೆಯಲ್ಲಿ ಇಂಥ ಪದ್ಧತಿ ಇಲ್ಲ, ನೀವು ಮಾಡಿಕೊಳ್ಳಿ, ನಾನು ನೋಡುತ್ತೇನೆ ಅಂದರು. ನಾನೂ ಒತ್ತಾಯ ಮಾಡಲಿಲ್ಲ. ಮಗಳು ಮಾತ್ರ ಅಲ್ಲಿಂದ ಏಳಲಿಲ್ಲ. ಸ್ವಲ್ಪ ಹೊತ್ತು ಪದ ಹುಡುಕಿ, ಕನ್ನಡದಲ್ಲೇ ಹೇಳಿದಳು.

"ಅಜ್ಜ, ಯೇಸುವಿನ ಒಬ್ಬ ಶಿಷ್ಯ ಕೂಡ ಮೊದಲು ಬೇಡ ಹೇಳಿದ. ಆಮೇಲೆ ಓಕೆ ಹೇಳಿದ."

ಅಪ್ಪ ನಕ್ಕುಬಿಟ್ಟರು. ಪಂಚೆ ಸ್ವಲ್ಪ ಮೇಲೆತ್ತಿ ಕಾಲು ನೀರಿಗಿಟ್ಟರು.

ಅವಳು ಬಲಗಾಲು ತೊಳೆದು ಟವೆಲ್ಲಿನಿಂದ ಒರೆಸಿದಳು. ಎಡಗಾಲನ್ನು ಎತ್ತಿದವಳು ಹಾಗೇ ಹಿಡಿದುಕೊಂಡು, ನನ್ನನ್ನು ಕರೆದಳು. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ದಪ್ಪ ಚರ್ಮದ ನಡುವೆ ಕಪ್ಪಗೆ ಒಂದು ತೂತು. ಸುತ್ತಲೂ ಕೆಂಪಗೆ ಬಾತುಕೊಂಡಿತ್ತು. ನಾನು ಮೆಲ್ಲಗೆ ಒತ್ತಿದರೆ ಕೀವು ಬಂತು.

"ನೋವುಂಟಾ ಅಪ್ಪ?"

"ಇಲ್ಲ. ಎಂತ ಆಗಿದೆ ಅಲ್ಲಿ?"

ಬೇರೆ ಯಾರದೋ ಕಾಲಿನ ಬಗ್ಗೆ ಕೇಳಿದ ಹಾಗೆ ಕೇಳಿದರು. ನನಗೆ ಭಯವಾದದ್ದು ಗಾಯ ನೋಡಿ ಅಲ್ಲ, ಆ ಮಾತು ಕೇಳಿ. ನನ್ನ ದೊಡ್ಡಪ್ಪನಿಗೂ ಶುಗರ್ ಇತ್ತು. ನೋವಿಲ್ಲವೆಂದು ಬಿಟ್ಟ ಇಂಥದೇ ಒಂದು ಗಾಯಕ್ಕೆ ಅವರ ಕಾಲನ್ನು ಮೊಣಕಾಲಿನವರೆಗೆ ತೆಗೆದಿದ್ದರು. ಅಡುಗೆಮನೆಗೆ ಹೋಗಿ ಗಂಡನಿಗೆ ಅದನ್ನೇ ಪಿಸುಗುಟ್ಟಿದೆ. ಆ ಸಂಜೆ ಅಪ್ಪ ಓದಲಿಲ್ಲ. ಗಂಡ ಚಿಕ್ಕದಾಗಿ ಪ್ರಾರ್ಥನೆ ಮಾಡಿದರು.

ಇಲ್ಲಿ ಶುಭ ಶುಕ್ರವಾರಕ್ಕೆ ರಜೆ ಇಲ್ಲ. ಆಫೀಸು, ಶಾಲೆ ಎಲ್ಲ ಎಂದಿನಂತೆ. ಪ್ರತಿ ವರ್ಷ ಅದಕ್ಕೆ ಗೊಣಗುತ್ತಿದ್ದ ನಾನು ಆವತ್ತು ಕ್ಲಿನಿಕ್ಕಿನ ಬಾಗಿಲು ತೆರೆದಿದ್ದು ಕಂಡು ಉಸಿರು ಬಿಟ್ಟೆ. ಅಲ್ಲಿನವರು ನೋಡಿದ್ದೇ ತಡ, ಎಕ್ಸ್‌ರೇ ಆಗಬೇಕೆಂದು ಆಸ್ಪತ್ರೆಗೆ ಕಳಿಸಿದರು.

ಸರದಿಗೆ ಕಾಯುತ್ತಾ ಕೂತಿದ್ದಾಗ ಅಪ್ಪ ತಾವಾಗಿಯೇ ಬಾಯಿಬಿಟ್ಟರು. ಹೋದ ವರ್ಷದಿಂದಲೇ ಪಾದಗಳು ಜೋಮು ಹಿಡಿದ ಹಾಗಿದ್ದವಂತೆ. ಚಪ್ಪಲಿ ಕಳಚಿಕೊಂಡರೂ ತಿಳಿಯುತ್ತಿರಲಿಲ್ಲವಂತೆ.

"ಹೇಳಿದ್ರೆ ನೀವು ನನ್ನನ್ನು ನಡೀಲಿಕ್ಕೆ ಬಿಡ್ತಿರ್ಲಿಲ್ಲ," ಅಂದರು.

ಬೈಯುವಷ್ಟು ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ.

ಡಾಕ್ಟರು ತಮಿಳು ಹೆಂಗಸು, ನನ್ನದೇ ವಯಸ್ಸಿನವರು. ಗಾಯ ತೆರೆದು ಗಾಜಿನ ಸಣ್ಣ ಚೂರೊಂದನ್ನು ಹೊರಗೆ ತೆಗೆದರು. ಹುಲ್ಲಿನಲ್ಲಿತ್ತೋ, ನಮ್ಮ ಅಡುಗೆಮನೆಯಲ್ಲೇ ಇತ್ತೋ, ಇವತ್ತಿಗೂ ಗೊತ್ತಿಲ್ಲ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಲುಬಿಗೆ ಏನೂ ಆಗಿಲ್ಲ, ಸರಿಯಾದ ಸಮಯಕ್ಕೆ ಬಂದಿದ್ದೀರಿ, ಇನ್ನಷ್ಟು ದಿನ ಬಿಟ್ಟಿದ್ದರೆ ನಾನು ಬೇರೆ ಮಾತು ಹೇಳಬೇಕಾಗುತ್ತಿತ್ತು ಅಂತ ತಮಿಳಿನಲ್ಲಿ ಹೇಳಿದರು. ಅಪ್ಪನಿಗೆ ತಮಿಳು ಅರ್ಧಂಬರ್ಧ ಬರುತ್ತದೆ. ಆದರೂ ಅವರು ಕೈ ಮುಗಿದದ್ದು ನೋಡಿದರೆ ಪೂರ್ತಿ ಅರ್ಥವಾಗಿತ್ತು. ನಾನು ಔಷಧಿ ತರುವ ನೆಪದಲ್ಲಿ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ನಾವು ಮನೆ ಸೇರುವಾಗ ಚರ್ಚಿನ ಮಧ್ಯಾಹ್ನದ ಆರಾಧನೆ ಮುಗಿದುಹೋಗಿತ್ತು. ಮಗಳು ಶಾಲೆಯಿಂದ ಬಂದು, ಬ್ಯಾಗನ್ನೂ ಇಳಿಸದೆ ಬಾಗಿಲಲ್ಲೇ ನಿಂತು ಅಜ್ಜನ ಬ್ಯಾಂಡೇಜು ನೋಡಿದಳು. ಕಾಲು ಕತ್ತರಿಸುತ್ತಾರಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ನಾನು ಅಡುಗೆಮನೆಯಲ್ಲಿ ಆಡಿದ ಮಾತು ಅವಳ ಕಿವಿಗೆ ಬಿದ್ದಿತ್ತು. ಇಡೀ ದಿನ ಕ್ಲಾಸಿನಲ್ಲಿ ಅದನ್ನೇ ಹೊತ್ತುಕೊಂಡು ಕೂತಿದ್ದಳು.

"ಇಲ್ಲ ಮಗಾ, ಕಾಲು ಉಳಿಯಿತು. ನೀನು ನೋಡಿದ್ದರಿಂದ ಉಳಿಯಿತು," ಅಂದರು ಅಪ್ಪ.

ಅವಳು ಬ್ಯಾಗಿನ ಸಮೇತ ಅವರ ಮಡಿಲಿಗೆ ಬಿದ್ದು ಜೋರಾಗಿ ಅತ್ತಳು. ಅವಳಿಗೆ ಸಮಾಧಾನ ಹೇಗೆ ಹೇಳುವುದೆಂದು ತಿಳಿಯದೆ ಅಪ್ಪ, ಡ್ರಿಲ್ ಕ್ಲಾಸಿನಲ್ಲಿ ಮಕ್ಕಳ ಬೆನ್ನು ತಟ್ಟುವ ಹಾಗೆ ತಟ್ಟುತ್ತಾ ಇದ್ದರು.

ಅವತ್ತಿನಿಂದ ಪ್ರಾರ್ಥನೆ ಮುಗಿದ ಮೇಲೆ ಅವಳು ಅಜ್ಜನ ಎರಡೂ ಅಂಗಾಲುಗಳನ್ನು ನೋಡುವುದು ರೂಢಿಯಾಯಿತು. ಅವರೇ ಕಾಲು ಚಾಚಿ ಕೂರುತ್ತಿದ್ದರು. ಈಗ ಉಡುಪಿಯಿಂದ ವಿಡಿಯೋ ಕಾಲ್ ಮಾಡಿದಾಗಲೂ ಮೊದಲು ಪಾದ ಕಾಣುತ್ತದೆ, ಆಮೇಲೆ ಮುಖ. ಮನೆಯೊಳಗೂ ಚಪ್ಪಲಿ ಹಾಕುತ್ತಾರೆ.

ಆ ಈಸ್ಟರಿಗೆ ನಮ್ಮ ಮನೆಯಲ್ಲಿ ಹಬ್ಬದ ಅಡುಗೆ ಆಗಲಿಲ್ಲ. ಆಸ್ಪತ್ರೆಯ ಓಡಾಟದಲ್ಲಿ ನಾನು ಏನೂ ತಂದಿರಲಿಲ್ಲ. ಅಪ್ಪ ಬ್ಯಾಂಡೇಜಿನ ಕಾಲಲ್ಲೇ ಚರ್ಚಿಗೆ ಬಂದು, ಎಲ್ಲರೂ ಇಂಗ್ಲಿಷಿನಲ್ಲಿ ಹಾಡುವಾಗ ಅದೇ ರಾಗಕ್ಕೆ ತಮ್ಮ ಕನ್ನಡದ ಮಾತು ಕೂಡಿಸಿ ಹಾಡಿದರು. ಬರುವಾಗ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಪರೋಟದಂಥ ರೊಟ್ಟಿ ಚನಾಯ್ ತಪಾವ್ ಮಾಡಿಸಿ, ಕಟ್ಟಿಸಿಕೊಂಡು ಬಂದೆವು. ಪೊಟ್ಟಣ ಬಿಚ್ಚಿ, ಸಾರಿನಲ್ಲಿ ಅದ್ದಿ, ಅಪ್ಪ ಎಲ್ಲರಿಗಿಂತ ಹೆಚ್ಚು ತಿಂದರು.